ಇಂಗ್ಲಿಷ್ ಬೋರ್ಡ್ ಬರೆಸುವ ಮುಂಚೆ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಹೋಮ್‌ಸ್ಟೇ ಬೋರ್ಡು, ಜೇನು ಬಾಟಲಿಯ ಲೇಬಲ್ಲು, ಮದುವೆ ಕಾಗದ, ತೋಟ ಮಾರಾಟದ ಜಾಹೀರಾತು, ಬ್ಯಾಂಕಿಗೆ ಕೊಡುವ ಅರ್ಜಿ, ಎಲ್ಲವೂ ನನ್ನ ಕೈ ದಾಟಿಯೇ ಹೋಗುತ್ತವೆ. ಬಂದವರು ಬಣ್ಣ ಆರಿಸೋಕೆ ಅರ್ಧ ಗಂಟೆ ತಗೊಳ್ಳುತ್ತಾರೆ, ಅಕ್ಷರ ಇನ್ನೂ ದಪ್ಪ ಮಾಡಿ ಅಂತಾರೆ, ಆದರೆ ಇಂಗ್ಲಿಷಿನ ಕಾಮಾ, ಫುಲ್‌ಸ್ಟಾಪ್ ವಿಷಯಕ್ಕೆ ಬಂದರೆ ಮಾತ್ರ "ಅದು ಹೇಗಿದ್ರೂ ನಡೆಯುತ್ತೆ ಬಿಡಿ" ಅನ್ನುತ್ತಾರೆ. ನನಗೆ ಇದು ನಿಜವಾಗಿ ಬೇಜಾರು ತರಿಸುವ ಮಾತು. ಆ ಚುಕ್ಕೆ, ಕೊಂಡಿಗಳಿಗೆ ಒಂದೊಂದು ಕೆಲಸ ಇದೆ, ಅದನ್ನು ಕಲಿಯೋಕೆ ದೊಡ್ಡ ಗ್ರಾಮರ್ ಪುಸ್ತಕವೂ ಬೇಡ. ನಮ್ಮ ಬಾಯಲ್ಲಿರುವ ಕನ್ನಡವೇ ಸಾಕು.

ಮೊದಲು ಅಪಾಸ್ಟ್ರಫಿ, ಅಂದ್ರೆ ಅಕ್ಷರದ ತಲೆ ಹತ್ತಿರ ಹಾಕುವ ಮೇಲಿನ ಕಾಮಾ, ಇದನ್ನೇ ನಾನು ಕೊಂಡಿ ಅಂತಲೂ ಅನ್ನುತ್ತೇನೆ. ಕುಶಾಲನಗರದಿಂದ ಮಡಿಕೇರಿಗೆ ಬರುವ ದಾರಿಯಲ್ಲಿ ‘ರೂಮ್’ಸ್ ಅವೈಲಬಲ್’ ಅನ್ನೋ ಬೋರ್ಡು ಕಣ್ಣಿಗೆ ಬೀಳದ ದಿನವೇ ಇಲ್ಲ. ಹೀಗೆ ಮಾಡಿ: ಅದನ್ನೇ ಕನ್ನಡದಲ್ಲಿ ಹೇಳಿ. ‘ರೂಮುಗಳು ಸಿಗುತ್ತವೆ.’ ‘ಗಳು’ ಬಂತು ಅಲ್ವಾ? ಹಾಗಾದರೆ ಅದು ಬರೀ ಬಹುವಚನ, ಮೇಲಿನ ಕಾಮಾ ಬೇಡ, ಎಸ್ ಅಕ್ಷರವನ್ನು ಸುಮ್ನೆ ಅಂಟಿಸಿ. ಈಗ ನಮ್ಮ ಮಡಿಕೇರಿಯ ಪ್ರವಾಸಿ ತಾಣ ರಾಜಾ’ಸ್ ಸೀಟ್ ತಗೊಳ್ಳಿ. ಕನ್ನಡದಲ್ಲಿ ‘ರಾಜನ ಸೀಟು’. ಇಲ್ಲಿ ‘ನ’ ಬಂತು, ಯಾರದೋ ಸ್ವತ್ತು ಅಂತ ಗೊತ್ತಾಯಿತು, ಮೇಲಿನ ಕಾಮಾ ಬೇಕು. ಎಲ್ಲಿ ಹಾಕೋದು? ಯಾರದ್ದೋ ಅವರ ಹೆಸರು ಪೂರ್ತಿ ಬರೆದು ಮುಗಿಸಿ, ಆಮೇಲೆ ಹಾಕಿ. ಒಬ್ಬ ರಾಜ ಆದರೆ ‘ರಾಜಾ’ ಮುಗಿದ ಮೇಲೆ ಕಾಮಾ, ಆಮೇಲೆ ಎಸ್. ಹಲವು ರಾಜರು ಅಲ್ಲಿ ಕೂತು ಸಂಜೆ ನೋಡುತ್ತಿದ್ದರು ಅಂತ ಹೇಳಬೇಕಿದ್ದರೆ, ‘ರಾಜಾಸ್’ ಅಂತ ಎಸ್ ಸಮೇತ ಬರೆದು, ಅದರ ನಂತರ ಕಾಮಾ. ಚಿಲ್ಡ್ರನ್, ವಿಮೆನ್ ಥರದ ಪದಗಳಲ್ಲಿ ಎಸ್ ಇಲ್ಲದೆಯೇ ಬಹುವಚನ ಆಗಿಬಿಟ್ಟಿರುತ್ತದೆ. ಹಾಗಾಗಿ ಮಕ್ಕಳ ಪಾರ್ಕಿಗೆ ಕಾಮಾ ಮೊದಲು, ಎಸ್ ಆಮೇಲೆ. ‘ಸಿನ್ಸ್ 1985’ ಅಂತ ಹಾಕುವವರು ಇಸವಿಗೆ ಕೊಂಡಿ ಸಿಕ್ಕಿಸುವುದು ಬೇಡ.

ಒಂದು ಕಡೆ ಮಾತ್ರ ಈ ಉಪಾಯ ಕೈ ಕೊಡುತ್ತದೆ, ಅದನ್ನು ನೆನಪಿಟ್ಟುಕೊಳ್ಳಲೇಬೇಕು. ‘ಇಟ್ಸ್’. ‘ಅದರ’ ಅನ್ನೋ ಅರ್ಥ ಇದ್ದರೆ ಮೇಲಿನ ಕಾಮಾ ಇಲ್ಲ. ‘ಇಟ್ ಈಸ್’ ಅಂತ ಬಿಡಿಸಿ ಓದಲು ಬಂದರೆ ಇದೆ. ಬಿಡಿಸಿ ಓದಿ ನೋಡುವುದೇ ಇಲ್ಲಿ ಪರೀಕ್ಷೆ. ‘ಎಸ್ಟೇಟ್ ಅಂಡ್ ಇಟ್ಸ್ ಬಂಗ್ಲೋ’ ಅನ್ನೋದನ್ನು ‘ಎಸ್ಟೇಟ್ ಅಂಡ್ ಇಟ್ ಈಸ್ ಬಂಗ್ಲೋ’ ಅಂತ ಓದಿದರೆ ಅರ್ಥ ಕೆಡುತ್ತೆ, ಆದ್ದರಿಂದ ಕೊಂಡಿ ಬೇಡ. ಹಿಸ್, ಹರ್ಸ್, ಅವರ್ಸ್ ಇವಕ್ಕೂ ಕೊಂಡಿ ಇಲ್ಲ, ಇದೂ ಅದೇ ಮನೆಯ ಪದ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ‘ಅದರ’ ಅನ್ನೋಕೂ ಕೊಂಡಿ ಹಾಕಿ ಬರೆಯುತ್ತಿದ್ದರು. ಹಾಗಾಗಿ ಈ ತಪ್ಪು ಮಾಡಿದವರನ್ನು ದಡ್ಡರು ಅಂತ ನೋಡಬೇಡಿ, ತಿದ್ದಿ ಕೊಡಿ ಸಾಕು.

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವ ವಿಷಯ, ಕೊಟೇಶನ್ ಮಾರ್ಕು. ನಮ್ಮ ದೊಡ್ಡಮ್ಮ ಭಾಗಮಂಡಲದ ಕಡೆ ಇರೋದು. ಒಂದಿಷ್ಟು ಜೇನು ಪೆಟ್ಟಿಗೆ ಇಟ್ಟುಕೊಂಡಿದ್ದಾರೆ, ಪ್ರವಾಸಿಗರಿಗೆ ಮನೆ ಮುಂದೆಯೇ ಮಾರುತ್ತಾರೆ. ಒಂದು ವರ್ಷ ಲೇಬಲ್ಲನ್ನು ಬೇರೆ ಊರಲ್ಲಿ ಪ್ರಿಂಟ್ ಮಾಡಿಸಿದ್ದರು. ಅದರಲ್ಲಿ ‘ಪ್ಯೂರ್’ ಅನ್ನೋ ಪದ ಎದ್ದು ಕಾಣಲಿ ಅಂತ ಅದರ ಎರಡೂ ಪಕ್ಕ ಜೋಡಿ ಕೊಂಡಿ ಹಾಕಿದ್ದರು, ಹನಿ ಅನ್ನೋದಕ್ಕೆ ಏನೂ ಇಲ್ಲ. ಬೆಂಗಳೂರಿಂದ ಬಂದ ಒಬ್ಬ ಹುಡುಗಿ ಬಾಟಲಿ ತಿರುಗಿಸಿ ತಿರುಗಿಸಿ ನೋಡಿ, "ಆಂಟಿ, ಇದು ನಿಜವಾಗ್ಲೂ ಪ್ಯೂರಾ, ಇಲ್ಲಾ ಸುಮ್ನೆ ಹಾಗಂತ ಬರೆದಿದ್ದೀರಾ?" ಅಂತ ಕೇಳಿದಳಂತೆ. ದೊಡ್ಡಮ್ಮ ಸಂಜೆ ಫೋನ್ ಮಾಡಿದರು. "ಮಗಾ, ನಾನು ಒಂದು ಚಮಚ ಬೆಲ್ಲದ ನೀರೂ ಸೇರಿಸಿದವಳಲ್ಲ. ಆ ಹುಡುಗಿ ಯಾಕೆ ಹಾಗೆ ಕೇಳಿದ್ಲು?" ಅವರ ದನಿ ಇನ್ನೂ ಕಿವಿಯಲ್ಲಿದೆ. ಹುಡುಗಿಯದೂ ತಪ್ಪಿಲ್ಲ, ಅವಳು ಇಂಗ್ಲಿಷನ್ನು ಸರಿಯಾಗಿಯೇ ಓದಿದ್ದಳು.

ಕೊಟೇಶನ್ ಮಾರ್ಕ್ ಅಂದ್ರೆ ‘ಇದು ನನ್ನ ಮಾತಲ್ಲ, ಯಾರೋ ಹೇಳಿದ್ದು’ ಅಂತ. ನಮ್ಮ ‘ಅಂತೆ’ ಇದೆಯಲ್ಲ, ಹತ್ತಿರ ಹತ್ತಿರ ಅದೇ. ಹಾಗಾಗಿ ಬೋರ್ಡಿನಲ್ಲಿ ಎಲ್ಲೆಲ್ಲಿ ಜೋಡಿ ಕೊಂಡಿ ಇದೆಯೋ ಅಲ್ಲೆಲ್ಲ ‘ಅಂತೆ’ ಸೇರಿಸಿ ಓದಿ ನೋಡಿ. ಹೋಮ್‌ಮೇಡ್ ಅಂತೆ ಚಾಕಲೇಟ್. ಫ್ರೆಶ್ ಅಂತೆ ಕಾಫಿ ಪುಡಿ. ಕ್ಲೀನ್ ಅಂತೆ ಟಾಯ್ಲೆಟ್. ನಿಮ್ಮ ಸಾಮಾನನ್ನು ನೀವೇ ಅನುಮಾನಿಸಿದ ಹಾಗಾಯಿತಲ್ಲ! ಪದ ಎದ್ದು ಕಾಣಬೇಕಾದರೆ ದಪ್ಪ ಅಕ್ಷರ ಮಾಡಿಸಿ, ಬೇರೆ ಬಣ್ಣ ಹಾಕಿಸಿ, ಅಡಿಗೆರೆ ಎಳೆಸಿ. ದೊಡ್ಡಮ್ಮನ ಹೊಸ ಲೇಬಲ್ಲಿನಲ್ಲಿ ‘ಪ್ಯೂರ್’ ಈಗ ಹಸಿರು ಬಣ್ಣದಲ್ಲಿದೆ.

ಕಾಮಾ ವಿಷಯಕ್ಕೆ ಬರೋಣ. ಹೋಮ್‌ಸ್ಟೇ ಮೆನುವಿನಲ್ಲಿ ‘ನೂಪುಟ್ಟು, ಅಕ್ಕಿ ಒಟ್ಟಿ, ಕಡಂಬುಟ್ಟು ಅಂಡ್ ಪಂದಿ ಕರಿ’ ಅಂತ ಇದೆ ಅಂದುಕೊಳ್ಳಿ. ಕಡಂಬುಟ್ಟು ಅಂದ್ರೆ ಅಕ್ಕಿ ಕಡುಬು, ಪಂದಿ ಕರಿ ಅಂದ್ರೆ ಹಂದಿ ಮಾಂಸದ ಸಾರು. ಎರಡೂ ಒಂದೇ ತಟ್ಟೆಯಲ್ಲಿ ಬರುತ್ತಾ, ಬೇರೆ ಬೇರೆ ದುಡ್ಡು ಕೊಡಬೇಕಾ? ನಮಗೆ ಗೊತ್ತು, ಅದು ಜೋಡಿ. ದಿಲ್ಲಿಯಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಜೋಡಿಯಾದರೆ ಅಕ್ಕಿ ಒಟ್ಟಿ ಆದ ಮೇಲೆ ಇನ್ನೊಂದು ‘ಅಂಡ್’ ಹಾಕಿ ಪಟ್ಟಿ ಮುಗಿಸಿ, ಬೇರೆ ಬೇರೆ ಆದರೆ ಕಡಂಬುಟ್ಟು ಆದ ಮೇಲೆ ಒಂದು ಕಾಮಾ ಹಾಕಿ. ಕನ್ನಡದಲ್ಲಿ ‘ಒಟ್ಟಿಯೂ, ಕಡಂಬುಟ್ಟೂ, ಕರಿಯೂ’ ಅಂತ ಪ್ರತಿಯೊಂದಕ್ಕೂ ‘ಊ’ ಹಚ್ಚಿ ಬಿಡಿಸಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಆ ‘ಊ’ ಕೆಲಸವನ್ನು ಈ ಕೊನೆಯ ಕಾಮಾ ಮಾಡುತ್ತದೆ. ಇದನ್ನು ಆಕ್ಸ್‌ಫರ್ಡ್ ಕಾಮಾ ಅಂತಾರೆ. ಕೆಲವರು ಬೇಕೇ ಬೇಕು ಅಂತಾರೆ, ಕೆಲವು ಪತ್ರಿಕೆಗಳು ಬೇಡ ಅನ್ನುತ್ತವೆ. ನನ್ನ ಮಟ್ಟಿಗೆ, ಗೊಂದಲ ಆಗುವ ಕಡೆ ಹಾಕಲೇಬೇಕು.

ಇದು ಬರೀ ಊಟದ ವಿಷಯ ಅಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿ ಅನ್ನೋ ಹಾಲಿನ ಕಂಪನಿಯ ಡ್ರೈವರ್‌ಗಳು ಓವರ್‌ಟೈಮ್ ದುಡ್ಡಿಗೆ ಕೇಸು ಹಾಕಿದ್ದರು. ಯಾವ್ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಅಂತ ಅಲ್ಲಿನ ಕಾನೂನಿನಲ್ಲಿ ಒಂದು ಪಟ್ಟಿ ಇತ್ತು. ಪಟ್ಟಿಯ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಶನ್’ ಅಂತ ಇತ್ತು, ನಡುವೆ ಕಾಮಾ ಇರಲಿಲ್ಲ. ಸಾಗಿಸುವುದಕ್ಕೋ ಹಂಚುವುದಕ್ಕೋ ಪ್ಯಾಕ್ ಮಾಡುವ ಕೆಲಸ ಮಾತ್ರ ಅಂತಲೂ ಓದಬಹುದು, ಹಂಚುವುದೇ ಒಂದು ಬೇರೆ ಕೆಲಸ ಅಂತಲೂ ಓದಬಹುದು. ಡ್ರೈವರ್‌ಗಳು ಪ್ಯಾಕ್ ಮಾಡುವವರಲ್ಲ, ಹಂಚುವವರು. 2017ರಲ್ಲಿ ಮೇಲಿನ ಕೋರ್ಟು ಅವರ ಕಡೆಗೆ ಹೇಳಿತು, 2018ರಲ್ಲಿ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ತೋಟದ ಗೇಣಿ ಕರಾರು ಇಂಗ್ಲಿಷಿನಲ್ಲಿ ಬರೆಸುವವರು ಕಾಫಿ, ಮೆಣಸು, ಮರ ಅಂತ ಪಟ್ಟಿ ಬಂದ ಕಡೆ ಎರಡು ಸಲ ಓದಿ.

‘ಎ’ ಹಾಕಬೇಕೋ ‘ಆನ್’ ಹಾಕಬೇಕೋ ಅನ್ನೋದು ಕನ್ನಡ ಬಲ್ಲವರಿಗೆ ಬಹಳ ಸುಲಭ. ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ‘ಆನ್’, ವ್ಯಂಜನ ಆದರೆ ‘ಎ’. ಅವರ್ ಅನ್ನೋದು ‘ಅ’, ಹಾಗಾಗಿ ಆನ್ ಅವರ್. ಯೂನಿಫಾರ್ಮ್ ಅನ್ನೋದು ‘ಯ’, ಹಾಗಾಗಿ ಎ ಯೂನಿಫಾರ್ಮ್. ಎಸ್ಸೆಸ್ಸೆಲ್ಸಿ ‘ಎ’ಕಾರದಿಂದ ಶುರು, ಆದ್ದರಿಂದ ಆನ್ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಬೇಡಿ, ಅದು ದಾರಿ ತಪ್ಪಿಸುತ್ತೆ. ಒಂದು ಎಚ್ಚರ, ನಾವು ಎಸ್ಟೇಟನ್ನು ‘ಯೆಸ್ಟೇಟ್’ ಅಂತ ಎಳೆಯುತ್ತೇವೆ, ಬರೆಯುವಾಗ ‘ಎ’ ಅಂತಲೇ ಹಿಡಿಯಿರಿ, ಆನ್ ಎಸ್ಟೇಟ್.

ಜಾಗ ಬಿಡುವುದರಲ್ಲೂ ತೊಂದರೆ ಇದೆ. ಪದ, ಒಂದು ಸ್ಪೇಸ್, ಆಮೇಲೆ ಕಾಮಾ, ಹೀಗೆ ಟೈಪ್ ಮಾಡಿದರೆ ಬೋರ್ಡಿನ ಅಗಲ ಸಾಲದೆ ಆ ಕಾಮಾ ಒಂಟಿಯಾಗಿ ಕೆಳಗಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಚಿಹ್ನೆ ಪದಕ್ಕೆ ಅಂಟಿರಲಿ, ಜಾಗ ಆಮೇಲೆ. ಕನ್ನಡಕ್ಕೂ ಇದೇ. ಕೆಜಿಗೆ ಬಹುವಚನದ ಎಸ್ ಬೇಡ, ಚುಕ್ಕೆಯೂ ಬೇಡ. 50 ಕೆಜಿ ಚೀಲ ಅಂದ್ರೆ 50 ಕೆಜಿ, ಅಷ್ಟೇ. ಹೊರದೇಶದವರಿಗೆ ಕಾಫಿ ಬಿಲ್ ಕಳಿಸುವವರು ಮಾತ್ರ ಸಂಖ್ಯೆಯ ಕಾಮಾ ನೋಡಿಕೊಳ್ಳಿ. ನಾವು 12,50,000 ಅಂತ ಬರೆಯುತ್ತೇವೆ, ಅವರಿಗೆ 1,250,000 ಅಂತ ಬರೆದರೇ ತಕ್ಷಣ ಅರ್ಥ ಆಗೋದು.

ಕೆಲವು ನಿಯಮಗಳಿಗೆ ಮಾತ್ರ ಹೆದರಲೇಬೇಡಿ. ವಾಕ್ಯದ ಕೊನೆಗೆ ಆಫ್, ವಿತ್, ಫಾರ್ ಥರದ ಪದ ಬರಬಾರದು ಅಂತ ಶಾಲೆಯಲ್ಲಿ ನಮ್ಮ ಕೈಗೆ ಹೊಡೆದು ಹೇಳಿಕೊಟ್ಟರು. ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲೇ ಹಾಗೆ ವಾಕ್ಯ ಮುಗಿಸುವುದಕ್ಕೆ ತಕರಾರು ಎತ್ತಿದ್ದ. ಲ್ಯಾಟಿನ್ನಿಗೆ ಹೊಂದುವುದನ್ನು ಇಂಗ್ಲಿಷಿನ ಮೇಲೆ ಹೇರಿದಂಥ ನಿಯಮ ಇದು, ಇಂಗ್ಲಿಷರೇ ದಿನಾ ಹಾಗೆ ಮಾತಾಡುತ್ತಾರೆ. ಅಂಡ್, ಬಟ್ ಇಂದ ವಾಕ್ಯ ಶುರು ಮಾಡುವುದೂ ತಪ್ಪಲ್ಲ. ‘ಪ್ರಿಪೋನ್’, ಅಂದ್ರೆ ಗೊತ್ತುಮಾಡಿದ ದಿನಕ್ಕಿಂತ ಮುಂಚೆಯೇ ಇಟ್ಟುಕೊಳ್ಳುವುದು, ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪದ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ, ಆರಾಮಾಗಿ ಬಳಸಿ. ಇಂಥವನ್ನು ಹಿಡಿದುಕೊಂಡು ಮಕ್ಕಳ ಅರ್ಜಿಗೆ ಕೆಂಪು ಗೆರೆ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಅದೇ ಅರ್ಜಿಯಲ್ಲಿ ಫುಲ್‌ಸ್ಟಾಪ್ ಹಾಕುವ ಕಡೆಯೆಲ್ಲ ಕಾಮಾ ಹಾಕಿ ಐದು ವಾಕ್ಯ ಒಂದೇ ಮಾಡಿರುವುದು ಅವರಿಗೆ ಕಾಣುವುದಿಲ್ಲ!

ಪ್ರಿಂಟಿಗೆ ಕೊಡುವ ಮುಂಚೆ ಇಷ್ಟು ಮಾಡಿ. ಫ್ಲೆಕ್ಸ್ ಆಗಲಿ ಲೇಬಲ್ ಆಗಲಿ, ಮೊದಲು ಎ-ಫೋರ್ ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ. ಮೊಬೈಲಲ್ಲಿ ನೋಡಿ ‘ಓಕೆ’ ಕಳಿಸಬೇಡಿ, ಅಷ್ಟು ಸಣ್ಣದರಲ್ಲಿ ಕೊಂಡಿ ಕಾಣುವುದೇ ಇಲ್ಲ. ಹಾಳೆಯನ್ನು ಮನೆಗೆ ತಗೊಂಡು ಹೋಗಿ, ಜೋರಾಗಿ ಓದಿ, ಪ್ರತಿ ಚಿಹ್ನೆಯ ಮೇಲೂ ಪೆನ್ಸಿಲ್ ಇಟ್ಟು ‘ಗಳು’ ಬಂತಾ, ‘ನ’ ಬಂತಾ, ‘ಅಂತೆ’ ಹೊಂದುತ್ತಾ ಅಂತ ಕೇಳಿಕೊಳ್ಳಿ. ಅನುಮಾನ ಇರುವ ಕಡೆ ಸುತ್ತು ಹಾಕಿ ಮಾರನೇ ದಿನ ತನ್ನಿ, ಅಂಗಡಿಯಲ್ಲಿ ಕೂತು ಇಬ್ಬರೂ ನೋಡೋಣ.