ಆಟದ ಮಕ್ಕಳಿಗೆ ಲೆಕ್ಕ ಹತ್ತಿಸುವುದು ಹೇಗೆ?

ಆಟದ ಮಕ್ಕಳು ಲೆಕ್ಕದಲ್ಲಿ ಯಾವಾಗ ಹಿಂದೆ ಬೀಳುತ್ತಾರೆ ಅಂತ ತಿಳಿಯಬೇಕಾದರೆ ಅವರ ಹಾಜರಿ ಪುಸ್ತಕ ತೆಗೆದು ನೋಡಿ. ಜುಲೈ ತನಕ ಎಲ್ಲ ಸರಿ ಇರುತ್ತದೆ. ಆಮೇಲೆ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಅಲ್ಲೂ ಗೆದ್ದರೆ ವಿಭಾಗ ಮಟ್ಟ ಅಂತ ಸಾಲಾಗಿ ಪಂದ್ಯಗಳು ಬರುತ್ತವೆ. ಹುಡುಗ ಚೆನ್ನಾಗಿ ಆಡಿದಷ್ಟೂ ಕ್ಲಾಸು ಜಾಸ್ತಿ ತಪ್ಪುತ್ತದೆ. ದಸರಾ ರಜೆ ಮುಗಿಸಿ ಬಂದು ಕೂತರೆ ಬೋರ್ಡಿನ ಮೇಲೆ ಇರುವುದು ಒಂದೂ ತಲೆಗೆ ಹೋಗುವುದಿಲ್ಲ. ಆಗ ಅವನೇ ತೀರ್ಮಾನ ಕೊಟ್ಟುಬಿಡುತ್ತಾನೆ, "ನನಗೆ ಲೆಕ್ಕ ಹತ್ತಲ್ಲ ಸಾರ್."

ನಾನು ದಾವಣಗೆರೆಯಲ್ಲಿ ಕುಸ್ತಿ, ಖೋ ಖೋ, ಓಟ ಅಂತ ಓಡಾಡುವ ಹೈಸ್ಕೂಲ್ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುತ್ತೇನೆ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಂತ "ನೀನು ಮಾಡ್ತೀಯ ಬಿಡೋ, ಧೈರ್ಯವಾಗಿರು" ಅಂತ ಬೆನ್ನು ತಟ್ಟಿದರೆ ಏನೂ ಆಗುವುದಿಲ್ಲ. ಆ ವಯಸ್ಸಿನ ಮಕ್ಕಳಿಗೆ ಸುಳ್ಳು ಹೊಗಳಿಕೆ ತಕ್ಷಣ ಗೊತ್ತಾಗುತ್ತದೆ. ಮೊದಲು ನಾಲ್ಕು ಲೆಕ್ಕ ಅವನ ಕೈಯಿಂದಲೇ ಸರಿ ಬರಬೇಕು. ಧೈರ್ಯ ಅದರ ಹಿಂದೆ ಬರುತ್ತದೆ.

ಹಾಗಾದರೆ ಆ ನಾಲ್ಕು ಲೆಕ್ಕ ಎಲ್ಲಿಂದ ತರುವುದು? ಅವನಿಗೆ ಗೊತ್ತಿರುವ ಕಡೆಯಿಂದಲೇ ತನ್ನಿ. ಬೌಲರ್ ವಿನಯ್ ಕುಮಾರ್ ಊರಿನ ಹುಡುಗರಿಗೆ ಕ್ರಿಕೆಟ್ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಒಬ್ಬ ಬೌಲರ್ 4.3 ಓವರಿನಲ್ಲಿ 27 ರನ್ ಕೊಟ್ಟ, ಓವರಿಗೆ ಎಷ್ಟು ಅಂತ ಕೇಳಿ. ಹೆಚ್ಚಿನವರು 27ನ್ನು 4.3ರಿಂದ ಭಾಗಿಸಿ 6.28 ಅಂತ ಬರೆಯುತ್ತಾರೆ. ಆಗ ತಪ್ಪು ಅನ್ನಬೇಡಿ. "4.3 ಆದಮೇಲೆ ಇನ್ನೆಷ್ಟು ಬಾಲ್ ಹಾಕಿದರೆ ಐದು ಓವರ್ ಆಗುತ್ತೆ?" ಅಂತ ಕೇಳಿ. ಮೂರು ಅನ್ನುತ್ತಾನೆ. ಅಂದರೆ ಆರರಲ್ಲಿ ಮೂರು ಮುಗಿದಿದೆ, ಅದು ಅರ್ಧ ಓವರ್. 27 ಭಾಗಿಸು 4.5, ಉತ್ತರ ಸರಿಯಾಗಿ 6. ಚುಕ್ಕಿ ಇದ್ದದ್ದೆಲ್ಲ ದಶಮಾಂಶ ಅಲ್ಲ, ಭಿನ್ನರಾಶಿ ಅಂದರೆ ಏನು ಎಂಬುದು ಅವನಿಗೆ ಆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಓಡುವ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. 400 ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಹೊರಗಿನ ಲೇನಿನವರು ಮುಂದೆ ನಿಲ್ಲುತ್ತಾರೆ. ಯಾಕೆ ಅಂತ ಮಗುವಿಗೆ ಗೊತ್ತು. ಎಷ್ಟು ಮುಂದೆ ಅಂತ ಗೊತ್ತಿಲ್ಲ. ಒಂದು ಲೇನಿನ ಅಗಲ 1.22 ಮೀಟರ್. ನೇರ ದಾರಿಯಲ್ಲಿ ಯಾರಿಗೂ ವ್ಯತ್ಯಾಸ ಇಲ್ಲ, ವ್ಯತ್ಯಾಸ ಬರುವುದು ತಿರುವಿನಲ್ಲಿ ಮಾತ್ರ. ಎರಡು ತಿರುವು ಸೇರಿದರೆ ಒಂದು ಪೂರ್ತಿ ವೃತ್ತ. ತ್ರಿಜ್ಯ 1.22 ಹೆಚ್ಚಾದರೆ ಪರಿಧಿ 2 × 22/7 × 1.22, ಸುಮಾರು 7.67 ಮೀಟರ್ ಹೆಚ್ಚುತ್ತದೆ. ಮೂರನೇ ಲೇನಿನಿಂದ ಆಚೆಗೆ ಪ್ರತಿ ಲೇನಿಗೂ ಇಷ್ಟೇ. ಒಂದು ಮತ್ತು ಎರಡನೇ ಲೇನಿನ ನಡುವೆ ಮಾತ್ರ 7.04. ಯಾಕೆಂದರೆ ಮೊದಲ ಲೇನಿನ ಉದ್ದವನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಉಳಿದವುಗಳನ್ನು 20 ಬಿಟ್ಟು. ಆ 10 ಸೆಂಟಿಮೀಟರ್ ಕಳೆದು 1.12 ಇಟ್ಟು ಗುಣಿಸಿ ನೋಡು ಅನ್ನಿ. 7.04 ಬಂದಾಗ ಅವನ ಮುಖ ನೋಡಬೇಕು ನೀವು.

ಗುಂಡು ಎಸೆಯುವ ಹುಡುಗಿ ಇದ್ದರೆ ಅವಳಿಗೂ ಒಂದಿದೆ. ಗುಂಡು ಬೀಳಬೇಕಾದ ಜಾಗದ ಎರಡು ಗೆರೆಗಳ ನಡುವಿನ ಕೋನ 34.92 ಡಿಗ್ರಿ. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸುತ್ತದೆ. ಆದರೆ ಮೈದಾನದಲ್ಲಿ ಯಾರೂ ಕೋನಮಾಪಕ ಹಿಡಿದು ಕೂರುವುದಿಲ್ಲ. ವೃತ್ತದ ಮಧ್ಯದಿಂದ 20 ಮೀಟರ್ ದೂರದಲ್ಲಿ ಎರಡೂ ಗೆರೆಗಳ ಅಂತರ 12 ಮೀಟರ್ ಬರುವ ಹಾಗೆ ಟೇಪು ಹಿಡಿದರೆ ಮುಗಿಯಿತು. ಅರ್ಧ ಮಾಡಿದರೆ ಲಂಬಕೋನ ತ್ರಿಭುಜ, ಅಭಿಮುಖ ಬಾಹು 6, ವಿಕರ್ಣ 20, ಸೈನ್ ಬೆಲೆ 0.3. ತ್ರಿಕೋನಮಿತಿ ಪಾಠಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ನನಗೆ ಕಂಡಿಲ್ಲ. ಪುಸ್ತಕದಲ್ಲೂ ಆಟ ಇದೆ, ನಾವು ನೋಡುವುದಿಲ್ಲ ಅಷ್ಟೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿ ಪಾಠದಲ್ಲಿ ಆಲೂಗಡ್ಡೆ ಓಟದ ಲೆಕ್ಕ ಬರುತ್ತದೆ: ಮೊದಲ ಗೆಡ್ಡೆ 5 ಮೀಟರ್ ದೂರ, ಆಮೇಲೆ 3 ಮೀಟರಿಗೊಂದು, ಒಟ್ಟು ಹತ್ತು ಗೆಡ್ಡೆ, ಒಂದೊಂದನ್ನೇ ತಂದು ಬಕೆಟಿಗೆ ಹಾಕಬೇಕು. ಉತ್ತರ 370 ಮೀಟರ್. ಹೋಗಿ ಬರುವ ದೂರ ಎರಡರಷ್ಟು ಎಂಬುದನ್ನು ಜಾಣ ಮಕ್ಕಳೇ ಮರೆಯುತ್ತಾರೆ, ಓಡಿ ಅಭ್ಯಾಸ ಇರುವವರು ಮರೆಯುವುದಿಲ್ಲ.

ಇದಿಷ್ಟು ಶುರು ಮಾಡುವುದಕ್ಕೆ. ದಿನಾ ಇಂಥ ಲೆಕ್ಕವೇ ಹುಡುಕುತ್ತಾ ಕೂರಬೇಡಿ. ವರ್ಗ ಸಮೀಕರಣಕ್ಕೆ ಕಬಡ್ಡಿ ಅಂಟಿಸಲು ಹೋದರೆ ಕಬಡ್ಡಿಯೂ ಕೆಡುತ್ತದೆ.

ಈಗ ಸಮಯದ ವಿಷಯ. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಶಾಲೆ, ಸಂಜೆ ಮತ್ತೆ ಪ್ರಾಕ್ಟೀಸ್. ರಾತ್ರಿ ಎಂಟಕ್ಕೆ ಕೂರಿಸಿ ಹೊಸ ಪಾಠ ಹೇಳಿದರೆ ಕಣ್ಣು ತೆರೆದೇ ನಿದ್ದೆ ಮಾಡುತ್ತಾರೆ. ಸಂಜೆಗೆ ಹಳೆಯದನ್ನೇ ಇಡಿ: ಮೊದಲೇ ಮಾಡಿದ ಲೆಕ್ಕ, ಮಗ್ಗಿ, ಸೂತ್ರ. ಇಪ್ಪತ್ತು ನಿಮಿಷ ಸಾಕು, ಆದರೆ ಪಂದ್ಯ ಸೋತ ದಿನವೂ ಆ ಇಪ್ಪತ್ತು ನಿಮಿಷ ತಪ್ಪಬಾರದು. ಹೊಸ ಪಾಠಕ್ಕೆ ಬೆಳಗಿನ ಸ್ನಾನ ತಿಂಡಿ ಆದಮೇಲಿನ ಹೊತ್ತು, ಇಲ್ಲವಾದರೆ ಪ್ರಾಕ್ಟೀಸ್ ಇಲ್ಲದ ದಿನ. ಭಾನುವಾರ ಮೂರು ಗಂಟೆ ಒಟ್ಟಿಗೆ ಮಾಡುತ್ತೇನೆ ಅನ್ನುವವರನ್ನು ನಂಬಬೇಡಿ, ಭಾನುವಾರ ಟೂರ್ನಮೆಂಟ್ ಇರುತ್ತದೆ. ಶುರುವಿನ ಮೂರು ಲೆಕ್ಕ ಯಾವಾಗಲೂ ಸುಲಭದ್ದೇ ಇರಲಿ. ಅದು ಅವರ ವಾರ್ಮ್‌ಅಪ್, ಮೈ ಬಿಸಿಯಾಗದೆ ಕುಸ್ತಿಗೆ ಇಳಿಸುವುದಿಲ್ಲ ತಾನೇ?

ಹೊರಗೂರಿಗೆ ಆಡಲು ಹೋಗುವಾಗ ಇಡೀ ಪುಸ್ತಕ ಬ್ಯಾಗಿಗೆ ತುರುಕಬೇಡಿ. ಅದು ಶೂ ಕೆಳಗೆ ಮುದುಡಿ ಹೋದ ಹಾಗೇ ವಾಪಸ್ ಬರುತ್ತದೆ. ಒಂದು ಹಾಳೆ, ಐದು ಲೆಕ್ಕ, ಕೆಳಗೆ ಮಡಚಿದ ಕಡೆ ಉತ್ತರ. ಜಗಳೂರಿಂದಲೋ ಹೊನ್ನಾಳಿಯಿಂದಲೋ ಬಸ್ಸಿನಲ್ಲಿ ಬಂದು, ಹೆಸರು ಕೊಟ್ಟು, ತಮ್ಮ ಸರದಿ ಬರುವ ತನಕ ಶಾಮಿಯಾನದಡಿ ಗಂಟೆಗಟ್ಟಲೆ ಕಾಯುತ್ತಾರಲ್ಲ, ಆ ಹೊತ್ತಿಗೆ ಇದು ಸರಿ. ಜೊತೆಗಾರರು ಮೊಬೈಲು ನೋಡುತ್ತಿರುವಾಗ ಐದೂ ಮಾಡಲ್ಲ, ಎರಡು ಮಾಡಿದರೂ ದಿನ ತಪ್ಪಲಿಲ್ಲ ಅಂತ ಲೆಕ್ಕ.

ವಾಪಸ್ ಬಂದಮೇಲೆ ತಪ್ಪಿದ್ದನ್ನೆಲ್ಲ ಗೆಳೆಯನ ನೋಟ್ಸಿನಿಂದ ನಕಲು ಮಾಡಿಸುವುದು ಎಲ್ಲ ಕಡೆ ನಡೆಯುತ್ತದೆ. ಕೈ ನೋವು ಬಿಟ್ಟರೆ ಅದರಿಂದ ಏನೂ ಬರುವುದಿಲ್ಲ. ಅದರ ಬದಲು ತಪ್ಪಿದ ಒಂದೊಂದು ದಿನಕ್ಕೂ ಬೋರ್ಡಿನ ಮೇಲೆ ಬಿಡಿಸಿದ ಒಂದೇ ಉದಾಹರಣೆ ಕೇಳಿ ಬರೆದುಕೊಳ್ಳಲಿ. ಓದಿ, ಮುಚ್ಚಿಟ್ಟು, ತಾನೇ ಬಿಡಿಸಲಿ. ಎಲ್ಲಿ ನಿಂತಿತೋ ಆ ಸಾಲನ್ನು ಮೇಷ್ಟ್ರ ಹತ್ತಿರ ಒಯ್ಯಲಿ. "ಸಾರ್, ಅರ್ಥ ಆಗಿಲ್ಲ" ಅಂದರೆ ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. "ಸಾರ್, ಮೂರನೇ ಸಾಲಲ್ಲಿ ಮೈನಸ್ ಹೇಗೆ ಪ್ಲಸ್ ಆಯ್ತು" ಅಂದರೆ ಎರಡು ನಿಮಿಷದ ಕೆಲಸ.

ಯಾವುದನ್ನು ಮೊದಲು ಹಿಡಿಯಬೇಕು ಎಂಬುದೂ ಮುಖ್ಯ. ಸಂಖ್ಯಾಶಾಸ್ತ್ರ, ಸಂಭವನೀಯತೆ ಇವೆರಡೂ ತಮ್ಮ ಪಾಡಿಗೆ ನಿಲ್ಲುವ ಪಾಠಗಳು, ತಪ್ಪಿದ್ದರೆ ಯಾವಾಗ ಬೇಕಾದರೂ ಕಲಿಯಬಹುದು. ಆದರೆ ಅಪವರ್ತಿಸುವುದು ಬರದೆ ವರ್ಗ ಸಮೀಕರಣ ನಡೆಯುವುದಿಲ್ಲ, ಅದು ಎಂಟು ಒಂಬತ್ತನೇ ತರಗತಿಯ ಬಾಕಿ. ಬಾಕಿ ಅಲ್ಲಿದ್ದರೆ ನಾಚಿಕೆ ಬಿಟ್ಟು ಎಂಟನೇ ತರಗತಿಯ ಪುಸ್ತಕವನ್ನೇ ತೆಗೆಯಿರಿ. ಸ್ವಲ್ಪ ದೊಡ್ಡ ಹುಡುಗರು ಮುಜುಗರ ಪಡುತ್ತಾರೆ, ಅದಕ್ಕೇ ನಾನು ಆ ಪುಸ್ತಕಕ್ಕೆ ಬೇರೆ ರಟ್ಟು ಹಾಕಿಟ್ಟಿದ್ದೇನೆ.

ತಪ್ಪಿನ ನೋಟು ಅಂತ ಒಂದು ಇಡಿಸಿ. ತಪ್ಪಾದ ಲೆಕ್ಕ, ಪಕ್ಕದಲ್ಲಿ ಒಂದೇ ಸಾಲಿನ ಕಾರಣ: "ಚಿಹ್ನೆ ಬಿಟ್ಟೆ", "ಪ್ರಶ್ನೆ ಪೂರ್ತಿ ಓದಲಿಲ್ಲ", "8 × 7 ತಪ್ಪು". ಎರಡು ವಾರ ಬಿಟ್ಟು ತಿರುವಿ ಹಾಕಿದರೆ ಒಂದೆರಡು ಕಾರಣವೇ ಮತ್ತೆ ಮತ್ತೆ ಕಾಣುತ್ತದೆ. ಲೆಕ್ಕವೇ ಬರಲ್ಲ ಅಂತಿದ್ದವನಿಗೆ ಮೈನಸ್ ಮಾತ್ರ ಕೈ ಕೊಡುತ್ತಿದೆ ಅಂತ ಗೊತ್ತಾಗುವುದು ಸಣ್ಣ ವಿಷಯ ಅಲ್ಲ. ಕೋಚ್ ಹೇಳುವ ಕಾಲಿನ ತಪ್ಪನ್ನು ಬೇಜಾರಿಲ್ಲದೆ ನೂರು ಸಲ ತಿದ್ದಿಕೊಳ್ಳುವ ಮಕ್ಕಳು ಇವರು, ಇದನ್ನೂ ತಿದ್ದಿಕೊಳ್ಳುತ್ತಾರೆ.

ಎಸ್‌ಎಸ್‌ಎಲ್‌ಸಿ ಮಕ್ಕಳಿದ್ದರೆ ಪ್ರಶ್ನೆಪತ್ರಿಕೆಯ ನಕ್ಷೆಯನ್ನು ಬೇಗ ತೋರಿಸಿ. 100ರಲ್ಲಿ 20 ಆಂತರಿಕ, 80 ಲಿಖಿತ. ಈಚಿನ ವರ್ಷಗಳ ಮಾದರಿಯಲ್ಲಿ 38 ಪ್ರಶ್ನೆ: ಬಹು ಆಯ್ಕೆಯ 8, ಒಂದು ಅಂಕದ 8, ಎರಡರ 8, ಮೂರರ 9, ನಾಲ್ಕರ 4, ಐದರ ಒಂದು. ಒಂದು ಮತ್ತು ಎರಡು ಅಂಕದ್ದೇ ಸೇರಿದರೆ 32 ಆಯಿತು. ಇದನ್ನು ಮಗುವೇ ಕೂಡಿ ನೋಡಲಿ. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಸಿಂಗ್ ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ಏನೆಂದರೆ, ಫೆಬ್ರವರಿಯಲ್ಲಿ ಕೊಡಿ, ಉಪಯೋಗಕ್ಕೆ ಬರುತ್ತದೆ. ಜುಲೈನಲ್ಲೇ "ನೀವು ಆಟದವರು, ನಿಮಗೆ ಇಷ್ಟು ಸಾಕು" ಅಂತ ಕೈಗಿಟ್ಟರೆ ಉಳಿದದ್ದು ತಮ್ಮದಲ್ಲ ಅಂತ ಅವರು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಕೊನೆಗೆ ದೊಡ್ಡವರಿಗೆ ಎರಡು ಮಾತು. ಪಿಟಿ ಮೇಷ್ಟ್ರೇ, ಲೆಕ್ಕ ತಪ್ಪಿದ್ದಕ್ಕೆ ಗ್ರೌಂಡು ಸುತ್ತು ಹೊಡೆಸಬೇಡಿ. ಓಟವೂ ಶಿಕ್ಷೆ, ಲೆಕ್ಕವೂ ಶಿಕ್ಷೆ ಆಗಿಬಿಡುತ್ತದೆ. ಅಪ್ಪ ಅಮ್ಮಂದಿರೇ, "ಮಾರ್ಕ್ಸ್ ಬರದಿದ್ದರೆ ಆಟ ಬಿಡಿಸ್ತೀವಿ" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಹಾಗಂದ ಮನೆಯ ಮಕ್ಕಳು ಟೆಸ್ಟ್ ಪೇಪರ್ ಬಚ್ಚಿಡುವುದನ್ನು ಮೊದಲು ಕಲಿಯುತ್ತಾರೆ. ಸಂಜೆ ಮನೆಗೆ ಬಂದಾಗ ಎಷ್ಟು ಮಾರ್ಕ್ಸ್ ಅಂತ ಕೇಳುವ ಬದಲು ಇವತ್ತಿನ ಇಪ್ಪತ್ತು ನಿಮಿಷ ಯಾವಾಗ ಕೂರ್ತೀಯಾ ಅಂತ ಕೇಳಿ, ಆ ಹೊತ್ತಿಗೆ ಟಿವಿ ಆರಿಸಿ.