ಪರದೆ ಯಾವುದಾದರೂ ತಖ್ತೆ ಪೂರ್ತಿ ಕಾಣಲಿ: ಎಕ್ಸೆಲ್ ಝೂಮ್ ತಾನಾಗಿ ಹೊಂದಿಕೊಳ್ಳುವಂತೆ ಮಾಡುವುದು ಹೇಗೆ?

ಶಿರಸಿಯ ಅಡಿಕೆ ವ್ಯವಹಾರದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುವವರಿಗೆ ತಖ್ತೆಯ ಉದ್ದಕ್ಕಿಂತ ಅದರ ಅಗಲವೇ ಹೆಚ್ಚು ತೊಂದರೆ ಕೊಡುತ್ತದೆ. ಸಂಘದ ಸದಸ್ಯರ ಹೆಸರು, ಊರು, ಚೀಲ, ತೂಕ, ಆಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ ಎಂದು ಒಂದೊಂದು ಬಗೆಗೂ ಒಂದೊಂದು ಕಾಲಂ, ಕೊನೆಗೆ ಮುಂಗಡ, ಕಡಿತ ಮತ್ತು ನಿವ್ವಳ ಮೊತ್ತ ಸೇರಿದರೆ ಹದಿಮೂರು ಕಾಲಂಗಳಾಗುತ್ತವೆ. ಕಚೇರಿಯ ದೊಡ್ಡ ಮಾನಿಟರಿನಲ್ಲಿ ಪೂರ್ತಿ ಕಾಣುವ ಇದೇ ತಖ್ತೆಯನ್ನು ಹುಲೇಕಲ್ ಕಡೆಯ ಮನೆಯೊಂದರ ಸಣ್ಣ ಲ್ಯಾಪ್‌ಟಾಪಿನಲ್ಲಿ ತೆರೆದಾಗ ನಿವ್ವಳ ಮೊತ್ತದ ಕಾಲಂ ಪರದೆಯಿಂದ ಆಚೆ ಉಳಿಯುತ್ತದೆ. ಎಡಕ್ಕೂ ಬಲಕ್ಕೂ ಸರಿಸುತ್ತ ಓದುವಾಗ ಒಬ್ಬರ ಮೊತ್ತವನ್ನು ಇನ್ನೊಬ್ಬರ ಹೆಸರಿಗೆ ಹಿಡಿಯುವ ಅಪಾಯ ಸಣ್ಣದಲ್ಲ.

ಇದಕ್ಕೆ ಕಾರಣ ಸರಳ. ಝೂಮ್ ಪ್ರಮಾಣವು ಕಂಪ್ಯೂಟರಿನಲ್ಲಿ ಅಲ್ಲ, ಕಡತದಲ್ಲೇ ಉಳಿತಾಯವಾಗುತ್ತದೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಶೇ 100ಕ್ಕೆ ಇಟ್ಟು ಉಳಿಸಿದ ಹಾಳೆ 1366 ಪಿಕ್ಸೆಲ್‌ನ ಪರದೆಯಲ್ಲೂ ಶೇ 100ರಲ್ಲೇ ತೆರೆದುಕೊಳ್ಳುತ್ತದೆ. ಅಲ್ಲಿ ಪೂರ್ತಿ ಕಾಣಬೇಕಿದ್ದರೆ ಅದು ಸುಮಾರು ಶೇ 71ಕ್ಕೆ ಇಳಿಯಬೇಕು. ಪರದೆಯ ಮೇಲಿನ ಎಲ್ಲವನ್ನೂ ಹಿಗ್ಗಿಸಿ ತೋರಿಸುವ ವಿಂಡೋಸ್‌ನ ಡಿಸ್‌ಪ್ಲೇ ಸ್ಕೇಲ್ ಶೇ 125 ಇದ್ದರೆ 1920ರ ಪರದೆಯೂ 1536 ಪಿಕ್ಸೆಲ್‌ನಷ್ಟನ್ನೇ ತೋರಿಸುತ್ತದೆ. ಆದ್ದರಿಂದ ಎಲ್ಲ ಯಂತ್ರಗಳಿಗೂ ಒಪ್ಪುವ ಒಂದೇ ಪ್ರಮಾಣವನ್ನು ಹುಡುಕುವುದು ವ್ಯರ್ಥ.

ಕೈಯಿಂದ ಮಾಡುವ ದಾರಿಯನ್ನು ಮೊದಲು ಕಲಿಯಿರಿ. ಶೀರ್ಷಿಕೆ ಸಾಲಿನ ಮೊದಲ ಕಾಲಂನಿಂದ ಕೊನೆಯ ಕಾಲಂವರೆಗೆ ಆಯ್ಕೆ ಮಾಡಿ, ವ್ಯೂ ಟ್ಯಾಬಿನಲ್ಲಿರುವ ‘ಝೂಮ್ ಟು ಸೆಲೆಕ್ಷನ್’ ಒತ್ತಿ. ಆಲ್ಟ್, ಡಬ್ಲ್ಯು, ಜಿ ಕೀಲಿಗಳನ್ನು ಒಂದರ ನಂತರ ಒಂದು ಒತ್ತಿದರೂ ಅದೇ ಕೆಲಸ ಆಗುತ್ತದೆ. ಆಯ್ಕೆ ಒಂದೇ ಸಾಲಿನದಾಗಿರುವುದು ಮುಖ್ಯ. ಇಡೀ ತಖ್ತೆಯನ್ನು ಆಯ್ಕೆ ಮಾಡಿದರೆ ಎಕ್ಸೆಲ್ ಎತ್ತರವನ್ನೂ ಪರದೆಗೆ ಹೊಂದಿಸಲು ಹೋಗಿ, ನೂರಾರು ಸದಸ್ಯರ ಸಾಲುಗಳನ್ನು ಓದಲಾಗದಷ್ಟು ಕಿರಿದಾಗಿಸುತ್ತದೆ. ಕೆಳಗಿನ ಸಾಲುಗಳಿಗೆ ಸರಿಸಿಕೊಂಡು ಹೋಗುವುದರಲ್ಲಿ ಕಷ್ಟವೇನಿಲ್ಲ.

ಇದನ್ನೇ ಕಡತ ತೆರೆದ ಕೂಡಲೇ ತಾನಾಗಿ ನಡೆಯುವಂತೆ ಮಾಡಲು ಸಣ್ಣ ಮ್ಯಾಕ್ರೊ, ಅಂದರೆ ಎಕ್ಸೆಲ್ ತಾನಾಗಿ ಪಾಲಿಸುವ ಸೂಚನೆಗಳ ಪಟ್ಟಿ, ಬೇಕು. ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿದಾಗ ತೆರೆಯುವ ಕಿಟಕಿಯ ಎಡಭಾಗದಲ್ಲಿ ‘ದಿಸ್‌ವರ್ಕ್‌ಬುಕ್’ ಎಂಬುದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಬಲಭಾಗದ ಮೇಲಿನ ಪಟ್ಟಿಯಲ್ಲಿ ‘ಜನರಲ್’ ಬದಲು ‘ವರ್ಕ್‌ಬುಕ್’ ಆರಿಸಿದರೆ ‘ವರ್ಕ್‌ಬುಕ್_ಓಪನ್’ ಎಂಬ ಮೊದಲ ಸಾಲನ್ನೂ ‘ಎಂಡ್ ಸಬ್’ ಎಂಬ ಕೊನೆಯ ಸಾಲನ್ನೂ ಎಕ್ಸೆಲ್ ತಾನೇ ಬರೆದುಕೊಡುತ್ತದೆ. ಅವೆರಡರ ನಡುವೆ ಈ ಐದು ಸಾಲುಗಳನ್ನು ಸೇರಿಸಿ. ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ವರ್ಕ್‌ಶೀಟ್ಸ್(1).ಆ್ಯಕ್ಟಿವೇಟ್
ರೇಂಜ್("ಎ3:ಎಂ3").ಸೆಲೆಕ್ಟ್
ಆ್ಯಕ್ಟಿವ್‌ವಿಂಡೋ.ಝೂಮ್ = ಟ್ರೂ
ಇಫ್ ಆ್ಯಕ್ಟಿವ್‌ವಿಂಡೋ.ಝೂಮ್ < 75 ದೆನ್ ಆ್ಯಕ್ಟಿವ್‌ವಿಂಡೋ.ಝೂಮ್ = 75
ರೇಂಜ್("ಎ3").ಸೆಲೆಕ್ಟ್

ಝೂಮ್‌ಗೆ ಸಂಖ್ಯೆಯ ಬದಲು ‘ಟ್ರೂ’ ಎಂದು ಕೊಟ್ಟಾಗ, ಆಯ್ಕೆಯಾದ ಭಾಗ ಕಿಟಕಿಗೆ ಹೊಂದುವ ಪ್ರಮಾಣವನ್ನು ಎಕ್ಸೆಲ್ ಲೆಕ್ಕ ಹಾಕಿಕೊಳ್ಳುತ್ತದೆ. ಹಾಳೆಯ ಮೂರನೆಯ ಸಾಲನ್ನು ಆರಿಸಿದ್ದಕ್ಕೂ ಕಾರಣವಿದೆ. ಮೊದಲ ಸಾಲಿನಲ್ಲಿ ಸಂಘದ ಹೆಸರನ್ನು ಹಲವು ಕೋಶಗಳನ್ನು ಕೂಡಿಸಿ ಬರೆಯುವ ರೂಢಿ ನಮ್ಮಲ್ಲಿದೆ, ಆ ಕೂಡಿಸಿದ ಕೋಶ ತಖ್ತೆಗಿಂತ ಅಗಲವಾಗಿದ್ದರೆ ಆಯ್ಕೆಯೂ ಅಷ್ಟಕ್ಕೇ ಹಿಗ್ಗಿ ಲೆಕ್ಕ ತಪ್ಪುತ್ತದೆ. ನಿಮ್ಮ ಶೀರ್ಷಿಕೆಗಳು ಬೇರೆ ಸಾಲಿನಲ್ಲಿದ್ದರೆ ಆ ಸಾಲಿನ ಸಂಖ್ಯೆಯನ್ನು ಹಾಕಿಕೊಳ್ಳಿ.

ಮ್ಯಾಕ್ರೊದ ನಾಲ್ಕನೆಯ ಸಾಲನ್ನು ಮಾತ್ರ ದಯವಿಟ್ಟು ಬಿಡಬೇಡಿ. ಎಕ್ಸೆಲ್ ಶೇ 10ರವರೆಗೂ ಇಳಿಯಬಲ್ಲದು, ಆದರೆ ನಮ್ಮ ಕಣ್ಣು ಇಳಿಯಲಾರದು. ಶೇ 60ರಲ್ಲಿ ಅಂಕಿಗಳು ಇನ್ನೂ ಸ್ಪಷ್ಟವಾಗಿರುವಾಗಲೇ ‘ಮತ್ತಿಘಟ್ಟ’ ಎಂಬ ಊರ ಹೆಸರಿನ ಎರಡೂ ಒತ್ತಕ್ಷರಗಳು ಕಪ್ಪು ಚುಕ್ಕೆಗಳಾಗಿ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ, ತಟ್ಟಿಬೆಟ್ಟೆ ಎಂಬ ಬಗೆಗೂ ಕಾಲಂ ಇದ್ದರೆ ಅದರ ಶೀರ್ಷಿಕೆಯನ್ನು ಬೆಟ್ಟೆಯಿಂದ ಬೇರ್ಪಡಿಸಿ ಓದುವುದೂ ಕಷ್ಟವಾಗುತ್ತದೆ. ಇಂಗ್ಲಿಷ್ ತಖ್ತೆಗೆ ಸಾಕಾಗುವ ಪ್ರಮಾಣ ಕನ್ನಡಕ್ಕೆ ಸಾಲದು. ಶೇ 75ರಲ್ಲೂ ತಖ್ತೆ ಹಿಡಿಸದಿದ್ದರೆ ಅಕ್ಷರವನ್ನು ಇನ್ನೂ ಕಿರಿದಾಗಿಸುವ ಬದಲು, ಆ ಹಂಗಾಮಿನಲ್ಲಿ ಬಳಸದ ಕಾಲಂಗಳನ್ನು ಮರೆಮಾಡುವುದು ಅಥವಾ ಶೀರ್ಷಿಕೆಗಳನ್ನು ‘ರ್‍ಯಾಪ್ ಟೆಕ್ಸ್ಟ್’ ಮೂಲಕ ಎರಡು ಸಾಲಿಗೆ ಮಡಚಿ ಕಾಲಂಗಳನ್ನು ಕಿರಿದಾಗಿಸುವುದು ಉತ್ತಮ.

ಕಡತವನ್ನು ಉಳಿಸುವಾಗ ‘ಮ್ಯಾಕ್ರೊ ಎನೇಬಲ್ಡ್ ವರ್ಕ್‌ಬುಕ್’ ಎಂಬ ಬಗೆಯನ್ನೇ ಆರಿಸಿ, ಇಲ್ಲವಾದರೆ ಬರೆದ ಮ್ಯಾಕ್ರೊ ಅಳಿಸಿಹೋಗುತ್ತದೆ. ಇ-ಮೇಲ್ ಮೂಲಕ ಅಥವಾ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿ ತಡೆಯುತ್ತಿದೆ. ಕಡತ ನಿಮ್ಮ ಸಂಘದ್ದೇ ಎಂದು ಖಚಿತವಾದಾಗ ಮಾತ್ರ ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ಗೆ ಗುರುತು ಹಾಕಿ. ಕಳುಹಿಸಿದವರ ಪರಿಚಯವಿಲ್ಲದ ಕಡತಕ್ಕೆ ಈ ಅನುಮತಿ ಬೇಡವೇ ಬೇಡ.

ಮೊಬೈಲಿನ ಎಕ್ಸೆಲ್‌ನಲ್ಲಿ ಮ್ಯಾಕ್ರೊ ನಡೆಯುವುದಿಲ್ಲ; ಅಲ್ಲಿ ಬೆರಳಿನಿಂದಲೇ ಹಿಗ್ಗಿಸಿ ಕುಗ್ಗಿಸಬೇಕು. ಲಿಬ್ರೆಆಫೀಸ್ ಬಳಸುವವರು ಶೀರ್ಷಿಕೆ ಸಾಲನ್ನು ಆಯ್ಕೆ ಮಾಡಿ ಝೂಮ್ ಪಟ್ಟಿಯಲ್ಲಿ ‘ಆಪ್ಟಿಮಲ್’ ಆರಿಸಿಕೊಳ್ಳಬಹುದು. ಸಭೆಯ ನಡುವೆ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದಾಗ ಕಡತ ಆಗಲೇ ತೆರೆದಿರುವುದರಿಂದ ಮ್ಯಾಕ್ರೊ ಮತ್ತೆ ನಡೆಯದು. ಕಡತವನ್ನು ಮುಚ್ಚಿ ತೆರೆಯಿರಿ, ಅಥವಾ ಶೀರ್ಷಿಕೆ ಸಾಲನ್ನು ಆಯ್ಕೆ ಮಾಡಿ ಮೇಲೆ ಹೇಳಿದ ಮೂರು ಕೀಲಿಗಳನ್ನು ಒತ್ತಿ. ಮುದ್ರಣಕ್ಕೂ ಈ ಝೂಮ್‌ಗೂ ಸಂಬಂಧವಿಲ್ಲ. ಕಾಗದದಲ್ಲಿ ಎಲ್ಲ ಕಾಲಂಗಳೂ ಬರಬೇಕಿದ್ದರೆ ‘ಪೇಜ್ ಲೇಔಟ್’ ಟ್ಯಾಬಿನಲ್ಲಿ ‘ವಿಡ್ತ್’ ಎದುರು ಒಂದು ಪುಟ ಎಂದು ಆರಿಸಿ, ‘ಹೈಟ್’ ಅನ್ನು ‘ಆಟೊಮ್ಯಾಟಿಕ್’ ಆಗಿಯೇ ಬಿಡಿ.