ಶಿಕ್ಷೆಗೆ ಮುಂಚಿನ ವರದಿ: ಅಮೆರಿಕದ ಪ್ರೊಬೇಷನ್ ಆಫೀಸರ್ ಆಗಿ ನನ್ನ ಅನುಭವ

ಅಮೆರಿಕದ ಫೆಡರಲ್ ಕೈದಿಯೊಬ್ಬನನ್ನು ಯಾವ ಜೈಲಿಗೆ ಕಳಿಸಬೇಕು, ಮುಳ್ಳುತಂತಿ ಇರುವ ಕಡೆ ಇಡಬೇಕೋ ಇಲ್ಲದ ಕಡೆಯೋ, ಕುಡಿತ ಬಿಡಿಸುವ ಕೋರ್ಸಿಗೆ ಸೇರಿಸಿಕೊಳ್ಳಬೇಕೋ ಬೇಡವೋ? ಇದೆಲ್ಲ ಬಹುಪಾಲು ಅವನು ಜೈಲಿನ ಬಾಗಿಲು ನೋಡುವ ಮೊದಲೇ ತೀರ್ಮಾನವಾಗಿರುತ್ತದೆ. ಒಂದು ವರದಿಯಲ್ಲಿ. ಅದರ ಹೆಸರು ಪ್ರಿಸೆಂಟೆನ್ಸ್ ರಿಪೋರ್ಟ್. ಎಲ್ಲರೂ ಪಿಎಸ್‌ಆರ್ ಅನ್ನುತ್ತಾರೆ. ಜಡ್ಜ್ ಶಿಕ್ಷೆ ಹೇಳುವ ಮುಂಚೆ ಅದನ್ನು ಬರೆದುಕೊಡುವುದು ನನ್ನ ಕೆಲಸವಾಗಿತ್ತು.

ನಾನು ಸಮಾಜಕಾರ್ಯ ಓದಿದ್ದು ಮೈಸೂರಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ಮತ್ತೆ ಓದಿ, ಪೌರತ್ವ ಸಿಕ್ಕ ಮೇಲೆ ಫೆಡರಲ್ ಕೋರ್ಟಿನಲ್ಲಿ ಪ್ರೊಬೇಷನ್ ಆಫೀಸರ್ ಆದೆ. ಮೊದಲು ವರದಿ ಬರೆಯುವ ವಿಭಾಗ. ಈಗ ಬಿಡುಗಡೆಯಾಗಿ ಬಂದವರ ಮೇಲ್ವಿಚಾರಣೆ. ಎರಡೂ ಕಡೆ ಕೂತಿದ್ದರಿಂದ ಒಂದು ಅನುಕೂಲ ಆಯಿತು. ನಾನೇ ಹಿಂದೆ ಬರೆದಿದ್ದ ಸಾಲು ಯಾರ ಕೈ ಹಿಡಿಯಿತು, ಯಾರ ಕಾಲಿಗೆ ತೊಡಕಾಯಿತು ಅನ್ನೋದು ಕಣ್ಣಿಗೆ ಬಿತ್ತು.

ಮುಂದೆ ಹೋಗುವ ಮುನ್ನ ಒಂದು ಮಾತು. ‘ಅಮೆರಿಕದ ಜೈಲು ವ್ಯವಸ್ಥೆ’ ಅಂತ ಒಂದೇ ಒಂದು ಇಲ್ಲ. ಹೆಚ್ಚಿನ ಕೌಂಟಿಗಳಿಗೆ, ಅಂದರೆ ರಾಜ್ಯದೊಳಗಿನ ಜಿಲ್ಲೆಯಂಥ ಘಟಕಗಳಿಗೆ, ಅವುಗಳದೇ ಜೈಲು. ವಿಚಾರಣೆಗೆ ಕಾಯುವವರು, ಒಂದು ವರ್ಷದೊಳಗಿನ ಶಿಕ್ಷೆಯವರು ಸಾಮಾನ್ಯವಾಗಿ ಅಲ್ಲಿರುತ್ತಾರೆ. ಅದಕ್ಕಿಂತ ದೊಡ್ಡ ಶಿಕ್ಷೆಗೆ 50 ರಾಜ್ಯಗಳ ಕಾರಾಗೃಹಗಳಿವೆ. ಇವೆರಡರಿಂದ ಬೇರೆಯಾಗಿ ಕೇಂದ್ರದ ಕಾನೂನು ಮುರಿದವರಿಗೆ ಫೆಡರಲ್ ಕಾರಾಗೃಹಗಳು. ದೇಶದಲ್ಲಿ ಒಟ್ಟು 18 ಲಕ್ಷಕ್ಕೂ ಹೆಚ್ಚು ಜನ ಒಳಗಿದ್ದಾರೆ. ಅವರಲ್ಲಿ ಫೆಡರಲ್ ಕೈದಿಗಳು ಸುಮಾರು ಒಂದೂವರೆ ಲಕ್ಷ ಮಾತ್ರ. ನನಗೆ ಗೊತ್ತಿರುವುದು ಈ ಕೊನೆಯ ಲೋಕ. ಟೆಕ್ಸಾಸ್ ರಾಜ್ಯದ ಜೈಲಿನಲ್ಲಿ ಹೇಗೆ ಅಂತ ಕೇಳಿದರೆ ಅಲ್ಲಿಯವರನ್ನೇ ಕೇಳಿ ಅನ್ನುತ್ತೇನೆ.

ಫೆಡರಲ್ ಕೋರ್ಟಿಗೆ ಬಂದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ತಪ್ಪೊಪ್ಪಿಗೆಯಲ್ಲೇ ಮುಗಿಯುತ್ತವೆ. ಸಿನಿಮಾದಲ್ಲಿ ಕಾಣುವ ವಾದ, ಜ್ಯೂರಿ, ಕಣ್ಣೀರು ಎಲ್ಲ ಅಪರೂಪ. ಒಪ್ಪಿಕೊಂಡ ದಿನವೇ ಫೈಲು ನಮ್ಮ ಮೇಜಿಗೆ ಬರುತ್ತದೆ. ವರದಿಯ ಮೊದಲ ಪ್ರತಿ ಶಿಕ್ಷೆಯ ದಿನಕ್ಕೆ 35 ದಿನ ಮುಂಚೆ ಎರಡೂ ಕಡೆಯ ವಕೀಲರಿಗೆ ತಲುಪಬೇಕು. ಅವರು 14 ದಿನದೊಳಗೆ ಆಕ್ಷೇಪಣೆ ಹಾಕಬೇಕು. ತಿದ್ದಿದ ಪ್ರತಿ ಏಳು ದಿನ ಮುಂಚೆ ಜಡ್ಜ್ ಕೈ ಸೇರಬೇಕು. ಲೆಕ್ಕ ಹಾಕಿದರೆ ಒಬ್ಬ ಮನುಷ್ಯನ ಇಡೀ ಬದುಕು ಕೆದಕಿ ಬರೆಯೋಕೆ ಸಿಗುವುದು ಕೆಲವೇ ವಾರ. ಕೈಯಲ್ಲಿ ಇಂಥ ಎಷ್ಟೋ ಫೈಲುಗಳು ಒಟ್ಟಿಗೇ ಇರುತ್ತವೆ.

ಸಂದರ್ಶನ ಸಾಮಾನ್ಯವಾಗಿ ಕೌಂಟಿ ಜೈಲಿನಲ್ಲಿ. ಜಾಮೀನು ಸಿಗದ ಫೆಡರಲ್ ಆರೋಪಿಗಳನ್ನು ಬಾಡಿಗೆ ಕೊಟ್ಟು ಅಲ್ಲೇ ಇಟ್ಟಿರುತ್ತಾರೆ. ಫೋನು, ಬೀಗದ ಕೈ ಎಲ್ಲ ಹೊರಗೆ ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕು. ಸಣ್ಣ ಕೋಣೆ, ನೆಲಕ್ಕೆ ಬೋಲ್ಟ್ ಹಾಕಿದ ಮೇಜು. ಪಕ್ಕದಲ್ಲಿ ಅವನ ವಕೀಲರು. ಅಪರಾಧದ ಬಗ್ಗೆ ನಾನು ಕೇಳುವುದು ಕಡಿಮೆ. ವಕೀಲರು ಅದನ್ನು ಲಿಖಿತವಾಗಿ ಕೊಡುತ್ತೇವೆ ಅನ್ನುತ್ತಾರೆ, ಸರಿ ಅನ್ನುತ್ತೇನೆ. ನನ್ನ ಪ್ರಶ್ನೆಗಳು ಬೇರೆ. ಎಲ್ಲಿ ಹುಟ್ಟಿದ್ದು, ಸಾಕಿದ್ದು ಯಾರು, ಎಷ್ಟು ಶಾಲೆ ಬದಲಾಯಿಸಿದೆ, ತಲೆಗೆ ಏಟು ಬಿದ್ದಿತ್ತಾ, ಯಾವ ಮಾತ್ರೆ ತಗೊಳ್ತೀಯಾ, ಸಾಲ ಎಷ್ಟು, ಮಕ್ಕಳ ಖರ್ಚಿನ ಬಾಕಿ ಎಷ್ಟು. ಮೊದಲ ಅರ್ಧ ಗಂಟೆ ಹೂಂ, ಊಹೂಂ ಅಷ್ಟೇ. ಅಜ್ಜಿಯ ಬಗ್ಗೆ ಕೇಳಿದರೆ ಹೆಚ್ಚಿನವರು ಬಾಯಿ ಬಿಡುತ್ತಾರೆ. ಯಾಕೋ ಗೊತ್ತಿಲ್ಲ, ಇಲ್ಲಿಗೆ ಬರುವವರಲ್ಲಿ ಎಷ್ಟೋ ಜನರನ್ನು ಸಾಕಿದ್ದು ಅಜ್ಜಿಯೇ.

ವರದಿಯಲ್ಲಿ ವಕೀಲರು ಜಗಳ ಆಡುವ ಭಾಗ ಅಂಕಗಣಿತ. 1987ರಿಂದ ಜಾರಿಯಲ್ಲಿರುವ ಫೆಡರಲ್ ಶಿಕ್ಷಾ ಮಾರ್ಗಸೂಚಿಯಲ್ಲಿ ಒಂದು ಕೋಷ್ಟಕ ಇದೆ. ಕೆಳಮುಖವಾಗಿ ಅಪರಾಧದ 43 ಮಟ್ಟ, ಅಡ್ಡಲಾಗಿ ಹಿಂದಿನ ಅಪರಾಧಗಳ 6 ವರ್ಗ. ಬ್ಯಾಂಕ್ ದರೋಡೆ ಅಂದುಕೊಳ್ಳಿ. ದರೋಡೆಗೆ 20. ಬ್ಯಾಂಕಿನ ಹಣ ಆದ್ದರಿಂದ ಎರಡು ಸೇರಿಸಿ. ‘ಕೊಲ್ತೀನಿ’ ಅಂತ ಚೀಟಿ ಬರೆದುಕೊಟ್ಟಿದ್ದರೆ ಇನ್ನೆರಡು. ತಪ್ಪು ಒಪ್ಪಿಕೊಂಡಿದ್ದಕ್ಕೆ ಮೂರು ಕಳೆಯಿರಿ. ಒಟ್ಟು 21. ಹಿಂದೆ ಏನೂ ಮಾಡಿಲ್ಲದವನಿಗೆ 37ರಿಂದ 46 ತಿಂಗಳು, ಹಳೇ ಕಳ್ಳನಿಗೆ ಆರನೇ ವರ್ಗದಲ್ಲಿ 77ರಿಂದ 96 ತಿಂಗಳು. 2005ರಲ್ಲಿ ಸುಪ್ರೀಂ ಕೋರ್ಟ್ ಈ ಕೋಷ್ಟಕ ಜಡ್ಜ್‌ಗೆ ಕಡ್ಡಾಯವಲ್ಲ, ಸಲಹೆ ಮಾತ್ರ ಅಂದಿತು. ಆದರೂ ಎಲ್ಲರೂ ಮೊದಲು ನೋಡುವುದು ಇದನ್ನೇ. ಆಕ್ಷೇಪಣೆ ಪತ್ರಗಳಲ್ಲಿ ಮುಕ್ಕಾಲು ಪಾಲು ಇದರ ಬಗ್ಗೆಯೇ ಇರುತ್ತದೆ. ಬದುಕಿನ ಭಾಗದ ಕಡೆ ವಕೀಲರು ಒಮ್ಮೆ ಕಣ್ಣಾಡಿಸಿ ಬಿಡುತ್ತಾರೆ. ನನಗೆ ಸಿಟ್ಟು ಬರುತ್ತಿದ್ದುದು ಇಲ್ಲೇ.

ಯಾಕೆ ಅಂದರೆ, ಶಿಕ್ಷೆ ಆದ ಮೇಲೆ ಈ ವರದಿ ಟೆಕ್ಸಾಸ್‌ನ ಗ್ರ್ಯಾಂಡ್ ಪ್ರೇರಿ ಎಂಬ ಊರಿಗೆ ಹೋಗುತ್ತದೆ. ಫೆಡರಲ್ ಜೈಲುಗಳನ್ನು ನಡೆಸುವ ಬ್ಯೂರೋ ಆಫ್ ಪ್ರಿಸನ್ಸ್‌ನ ಕಚೇರಿಯೊಂದು ಅಲ್ಲಿದೆ. ದೇಶದ ಎಲ್ಲ ಫೆಡರಲ್ ಕೈದಿಗಳಿಗೂ ಜೈಲು ಗೊತ್ತುಮಾಡುವುದು ಆ ಕಚೇರಿ. ಜಡ್ಜ್ ‘ಇಂಥ ಕಡೆ ಕಳಿಸಿ’ ಅಂತ ಶಿಫಾರಸು ಮಾಡಬಹುದು, ಆದೇಶ ಮಾಡುವಂತಿಲ್ಲ. ಗ್ರ್ಯಾಂಡ್ ಪ್ರೇರಿಯವರು ಕೈದಿಯ ಮುಖ ನೋಡುವುದೇ ಇಲ್ಲ. ಅವರಿಗೆ ಕಾಣುವುದು ಕಾಗದ. ಆ ಕಾಗದದಿಂದ ಅವರೂ ಅಂಕ ಹಾಕುತ್ತಾರೆ. ಗಂಡಸರಿಗೆ 11ರವರೆಗೆ ಬಂದರೆ ಮಿನಿಮಮ್, ಅಂದರೆ ಹೆಚ್ಚಾಗಿ ಬೇಲಿಯಿಲ್ಲದ ಕ್ಯಾಂಪು. 12ರಿಂದ 15 ಲೋ, ಡಾರ್ಮಿಟರಿ ಮತ್ತು ಎರಡು ಸುತ್ತು ಬೇಲಿ. 16ರಿಂದ 23 ಮೀಡಿಯಂ, ಅಲ್ಲಿಂದ ಸೆಲ್ಲು ಶುರು. 24 ಅಥವಾ ಅದಕ್ಕೂ ಹೆಚ್ಚಾದರೆ ಹೈ, ಗೋಡೆ ಮತ್ತು ಕಾವಲು ಗೋಪುರ. ವಯಸ್ಸು 24 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟಕ್ಕೇ 8 ಅಂಕ, 55 ತುಂಬಿದ್ದರೆ ಸೊನ್ನೆ. ಶಿಕ್ಷೆ ಆದ ಮೇಲೆ ಅವನೇ ನಡೆದುಕೊಂಡು ಬಂದು ಜೈಲಿಗೆ ಶರಣಾದರೆ ಮೂರು ಅಂಕ ಕಡಿಮೆ. ಹೈಸ್ಕೂಲು ಪಾಸಾಗಿರುವುದು ದಾಖಲೆಯಿಂದ ಖಚಿತವಾಗದಿದ್ದರೆ ಎರಡು ಅಂಕ ಜಾಸ್ತಿ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ಹುಡುಗ, ಇಪ್ಪತ್ತಾರರ ಆಸುಪಾಸು. ‘ಹೈಸ್ಕೂಲು ಅರ್ಧಕ್ಕೇ ಬಿಟ್ಟೆ, ಆಮೇಲೆ ಜಿಇಡಿ ಪಾಸ್ ಮಾಡಿದೆ’ ಅಂದ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಗೆ ಪ್ರೈವೇಟಾಗಿ ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ ಪರೀಕ್ಷೆ. ಸರ್ಟಿಫಿಕೇಟ್ ಇಲ್ಲ. ರಾಜ್ಯದ ಶಿಕ್ಷಣ ಇಲಾಖೆಗೆ ಬರೆದೆ. ‘ಈ ಹೆಸರಿನಲ್ಲಿ ದಾಖಲೆ ಇಲ್ಲ’ ಅಂತ ಉತ್ತರ. ಅಲ್ಲಿಗೆ ಬಿಟ್ಟು ‘ಪಾಸಾಗಿರುವುದಾಗಿ ಹೇಳುತ್ತಾನೆ, ದಾಖಲೆ ಸಿಕ್ಕಿಲ್ಲ’ ಅಂತ ಬರೆದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಅವನ ತಾಯಿಯ ಮನೆಗೆ ಹೇಗೂ ಹೋಗಬೇಕಿತ್ತು. ಮಾತಿನ ಮಧ್ಯೆ ಆಕೆ, ಹುಡುಗ ಬಾಲಾಪರಾಧಿಗಳ ಕೇಂದ್ರದಲ್ಲಿದ್ದಾಗ ಪರೀಕ್ಷೆ ಬರೆದಿದ್ದು, ಆಗ ಎಲ್ಲ ಕಡೆ ಮಲತಂದೆಯ ಮನೆತನದ ಹೆಸರೇ ಹಾಕಿಸುತ್ತಿದ್ದೆವು ಅಂದರು. ಆ ಹೆಸರು, ಅದೇ ಜನ್ಮದಿನಾಂಕ ಹಾಕಿ ಮತ್ತೆ ಕೇಳಿದೆ. ಒಂದೇ ವಾರದಲ್ಲಿ ದಾಖಲೆ ಬಂತು. ಬ್ಯೂರೋದ ಕೈಪಿಡಿ ಎಲ್ಲರಿಗೂ ಸಿಗುತ್ತದೆ, ನಾನೇ ಕೂಡಿ ನೋಡಿದೆ. ಆ ಎರಡು ಅಂಕ ಇದ್ದರೆ ಮೀಡಿಯಂ, ಇಲ್ಲದಿದ್ದರೆ ಲೋ. ಗ್ಯಾಂಗುಗಳ ಕಾಟ, ಚಾಕು, ದಿನಗಟ್ಟಲೆ ಎಲ್ಲರನ್ನೂ ಸೆಲ್ಲಿನಲ್ಲಿ ಕೂಡಿಹಾಕುವ ಲಾಕ್‌ಡೌನ್, ಇವು ಮೀಡಿಯಂನಲ್ಲಿ ಇರುವಷ್ಟು ಲೋನಲ್ಲಿ ಇರುವುದಿಲ್ಲ. ಜೊತೆಗೆ ದಾಖಲೆ ಇಲ್ಲದವನು ಒಳಗೆ ಕನಿಷ್ಠ 240 ಗಂಟೆ ಸಾಕ್ಷರತಾ ತರಗತಿಗೆ ಕೂರಬೇಕು, ಪಾಸಾಗಿದ್ದರೂ ಸರಿಯೇ. ಆಮೇಲಿಂದ ನಾನು ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ನಿನಗೆ ಯಾವ್ಯಾವ ಹೆಸರಿತ್ತು?’

ಚಟದ ವಿಷಯ ಇನ್ನೂ ಸಿಕ್ಕು. ಬ್ಯೂರೋದಲ್ಲಿ ಆರ್‌ಡ್ಯಾಪ್ ಅಂತ 500 ಗಂಟೆಯ ವ್ಯಸನ ಚಿಕಿತ್ಸೆ ಇದೆ. ಹಿಂಸೆಯ ಅಪರಾಧ ಇಲ್ಲದವನು ಅದನ್ನು ಮುಗಿಸಿದರೆ ಶಿಕ್ಷೆಯಲ್ಲಿ ಒಂದು ವರ್ಷದವರೆಗೂ ಕಡಿತ ಸಿಗಬಹುದು. ಸೇರಬೇಕಾದರೆ ಬಂಧನಕ್ಕೆ ಮುಂಚಿನ 12 ತಿಂಗಳಲ್ಲಿ ಚಟ ಇತ್ತು ಅನ್ನೋದಕ್ಕೆ ದಾಖಲೆ ಬೇಕು. ಆ ದಾಖಲೆ ಬಹಳ ಸಲ ನಮ್ಮ ವರದಿಯೇ. ಹಾಗಾಗಿ ಎರಡು ಥರದವರು ಸಿಗುತ್ತಾರೆ. ನಿಜವಾಗಿ ಕುಡಿಯುವವನು ಜಡ್ಜ್ ಬೈದಾರು ಅಂತ ಹೆದರಿ ‘ಹಬ್ಬಕ್ಕೆ ಒಂದು ಬಿಯರ್’ ಅನ್ನುತ್ತಾನೆ. ಲಕ್ಷಗಟ್ಟಲೆ ಡಾಲರ್ ಲೆಕ್ಕ ತಿದ್ದಿದ ಬಿಳಿ ಕಾಲರಿನವನು, ಯಾರೋ ಹೇಳಿಕೊಟ್ಟ ಹಾಗೆ, ‘ದಿನಾ ಒಂದು ಬಾಟಲಿ ವೈನ್ ಬೇಕಿತ್ತು’ ಅನ್ನುತ್ತಾನೆ. ನಾನು ಇಬ್ಬರ ಮಾತನ್ನೂ ಸುಮ್ನೆ ಬರೆದುಕೊಂಡು ಬಿಡುವುದಿಲ್ಲ. ಹೆಂಡತಿಯನ್ನು ಬೇರೆಯಾಗಿ ಕೇಳುತ್ತೇನೆ, ಕೆಲಸದ ಜಾಗದ ರಜೆ ನೋಡುತ್ತೇನೆ, ಆಸ್ಪತ್ರೆಯ ಕಾಗದ ತರಿಸುತ್ತೇನೆ. ಅವನ ಮಾತು ಅವನ ಮಾತೆಂದೇ ಬರೆಯುತ್ತೇನೆ, ಹೆಂಡತಿಯದು ಹೆಂಡತಿಯದೆಂದು. ಗುಟ್ಟಾಗಿ ಕುಡಿಯುತ್ತಿದ್ದವನಿಗೆ ಒಂದು ಮಾತು ಮಾತ್ರ ವಕೀಲರ ಎದುರಿಗೇ ಹೇಳುತ್ತಿದ್ದೆ: ‘ಇವತ್ತು ಇಲ್ಲ ಅಂದದ್ದನ್ನು ಮೂರು ವರ್ಷದ ಮೇಲೆ ಹೌದು ಅಂದರೆ ಅಲ್ಲಿ ಯಾರೂ ನಂಬಲ್ಲ.’

ವಿಳಾಸ ಇನ್ನೊಂದು. 2018ರ ಫಸ್ಟ್ ಸ್ಟೆಪ್ ಕಾಯ್ದೆಯ ಪ್ರಕಾರ ಸಾಧ್ಯವಾದಷ್ಟು ಮಟ್ಟಿಗೆ ಕೈದಿಯನ್ನು ಮನೆಯಿಂದ 500 ಮೈಲಿಯೊಳಗೆ ಇಡಬೇಕು. ಅಂದರೆ 800 ಕಿಲೋಮೀಟರ್. ಹತ್ತಿರ ಅಂದರೆ ಇಷ್ಟು! ಬಂಧನವಾದ ಊರಿನ ಬಾಡಿಗೆ ಕೋಣೆಯನ್ನೇ ಮನೆ ಅಂತ ಬರೆದು, ಹೆಂಡತಿ ಮಕ್ಕಳು ಎರಡು ರಾಜ್ಯದ ಆಚೆ ಇದ್ದರೆ, ಭೇಟಿಯ ಆಸೆ ಬಿಡಬೇಕಾಗುತ್ತದೆ. ಕಾಯಿಲೆಯೂ ಅಷ್ಟೇ. ಗಂಭೀರ ರೋಗಿಗಳಿಗೆ ಮಿಸೂರಿಯ ಸ್ಪ್ರಿಂಗ್‌ಫೀಲ್ಡ್, ಮಿನೆಸೋಟಾದ ರೋಚೆಸ್ಟರ್, ನಾರ್ತ್ ಕ್ಯಾರೊಲೈನಾದ ಬಟ್ನರ್‌ನಂಥ ಕಡೆ ಜೈಲು ಆಸ್ಪತ್ರೆಗಳಿವೆ. ‘ಹೃದಯದ ತೊಂದರೆ ಇದೆ’ ಅಂತ ಬರೆದರೆ ಏನೂ ಆಗುವುದಿಲ್ಲ. ಮಾತ್ರೆಯ ಹೆಸರು, ಪ್ರಮಾಣ, ಡಾಕ್ಟರ ದಾಖಲೆ ಇರಬೇಕು.

ಬರೆಯದೆ ಬಿಡಬೇಕಾದದ್ದೂ ಇದೆ. ಕೈದಿ ತನ್ನ ಪಿಎಸ್‌ಆರ್ ಪ್ರತಿಯನ್ನು ಸೆಲ್ಲಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೇಸ್ ಮ್ಯಾನೇಜರ್ ಕೋಣೆಯಲ್ಲಿ ಕೂತು ಓದಬಹುದು, ಅಷ್ಟೇ. ಕಾರಣ, ಹೊಸಬ ಬಂದ ಕೂಡಲೇ ಉಳಿದವರು ‘ಕಾಗದ ತೋರಿಸು’ ಅನ್ನುತ್ತಾರೆ. ಮಕ್ಕಳ ಮೇಲಿನ ಅಪರಾಧವೋ, ಪೊಲೀಸರಿಗೆ ಸುಳಿವು ಕೊಟ್ಟವನೋ ಅಂತ ನೋಡೋಕೆ. ಹೀಗಾಗಿ ಗುಟ್ಟು ಕಾಪಾಡುತ್ತೇವೆ ಅಂತ ಮಾತು ಕೊಟ್ಟು ಪಡೆದ ಮಾಹಿತಿಯ ಮೂಲ, ಬಯಲಾದರೆ ಯಾರದಾದರೂ ಪ್ರಾಣಕ್ಕೆ ಕುತ್ತಾಗುವ ವಿಷಯ, ಇವನ್ನು ವರದಿಯಿಂದ ಹೊರಗಿಡಬೇಕು ಅಂತ ಕೋರ್ಟಿನ ನಿಯಮವೇ ಇದೆ.

ಭಾರತದಿಂದ ಬಂದವರ ಕೇಸುಗಳೂ ಆಗೊಮ್ಮೆ ಈಗೊಮ್ಮೆ ಬರುತ್ತವೆ. ವೀಸಾ ವಂಚನೆ, ವಿಮೆ ಬಿಲ್ಲಿನ ವಂಚನೆ, ಇಂಥವು. ಪರಿಚಯದವರ ಪೈಕಿ ಅಂತ ಗೊತ್ತಾದರೆ ಫೈಲು ಬೇರೆಯವರಿಗೆ ಕೊಟ್ಟುಬಿಡುತ್ತೇನೆ. ಇವರ ಮನೆಯವರು ‘ದುಡ್ಡಿನ ಕೇಸು, ಕ್ಯಾಂಪಿಗೆ ಹಾಕ್ತಾರೆ ಅಲ್ವಾ?’ ಅಂತ ಕೇಳುತ್ತಾರೆ. ಅಮೆರಿಕದ ಪೌರನಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ. ಗಡೀಪಾರಾಗಬಹುದಾದವನು ಅಂತ ಗುರುತು ಬಿದ್ದರೆ ಅಂಕ ಎಷ್ಟೇ ಕಡಿಮೆ ಇರಲಿ, ಕನಿಷ್ಠ ಲೋ. ಗ್ರೀನ್ ಕಾರ್ಡ್ ಇದ್ದವರೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಗಡೀಪಾರಿನ ಅಂತಿಮ ಆದೇಶ ಆಗಿಬಿಟ್ಟಿದ್ದರೆ ಫಸ್ಟ್ ಸ್ಟೆಪ್ ಕಾಯ್ದೆಯಡಿ ಒಳಗೆ ಕೋರ್ಸು, ಕೆಲಸ ಮಾಡಿ ಗಳಿಸಿದ ಕಡಿತದ ದಿನಗಳೂ ಉಪಯೋಗಕ್ಕೆ ಬರುವುದಿಲ್ಲ.

ಈಗ ನಾನಿರುವ ವಿಭಾಗದ ಮಾತು. 1984ರ ಕಾಯ್ದೆ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲನ್ನು, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುವ ಪದ್ಧತಿಯನ್ನು, ತೆಗೆದುಹಾಕಿತು. ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ, ಜೊತೆಗೆ ಫಸ್ಟ್ ಸ್ಟೆಪ್ ಕಾಯ್ದೆಯ ದಿನಗಳು, ಅಷ್ಟು ಬಿಟ್ಟರೆ ಪೂರ್ತಿ ಶಿಕ್ಷೆ. ಹೊರಬಂದ ಮೇಲೆ ಸೂಪರ್‌ವೈಸ್ಡ್ ರಿಲೀಸ್, ಅಂದರೆ ನಮ್ಮ ಮೇಲ್ವಿಚಾರಣೆಯಲ್ಲಿ ಇರುವ ಅವಧಿ, ಹೆಚ್ಚಿನವರಿಗೆ ಮೂರರಿಂದ ಐದು ವರ್ಷ. 72 ಗಂಟೆಯೊಳಗೆ ನಮ್ಮ ಕಚೇರಿಗೆ ಬಂದು ಮುಖ ತೋರಿಸಬೇಕು, 15 ದಿನದೊಳಗೆ ಮಾದಕವಸ್ತು ಪತ್ತೆಗೆ ಮೂತ್ರ ಪರೀಕ್ಷೆ. ಜಿಲ್ಲೆ ದಾಟಬೇಕಾದರೆ ಅನುಮತಿ ಬೇಕು. ಒಳಗೆ ಗಂಟೆಗೆ 12ರಿಂದ 40 ಸೆಂಟ್ ಕೂಲಿಗೆ ನೆಲ ಒರೆಸಿದವನು ಈಗ ಬಾಡಿಗೆ ಕಟ್ಟಬೇಕು, ನಷ್ಟ ಪರಿಹಾರದ ಕಂತು ಕಟ್ಟಬೇಕು. ಮೊದಲ ತಿಂಗಳು ನಾನು ಅಪರಾಧದ ಬಗ್ಗೆ ಮಾತೇ ಆಡುವುದಿಲ್ಲ. ಗುರುತಿನ ಚೀಟಿ, ಕೆಲಸ, ಹಲ್ಲುನೋವಿಗೆ ಡಾಕ್ಟರು, ಇಷ್ಟೇ. ಹೊಸ ಆಫೀಸರುಗಳು ಇದನ್ನು ಮೆತ್ತಗಾಯಿತು ಅನ್ನುತ್ತಾರೆ. ಅನ್ನಲಿ.

ಈ ಕೆಲಸ ಹುಟ್ಟಿದ್ದು ಸರ್ಕಾರದಿಂದಲ್ಲ. 1841ರಲ್ಲಿ ಬೋಸ್ಟನ್ನಿನ ಬೂಟು ಹೊಲಿಯುವವರೊಬ್ಬರು, ಜಾನ್ ಅಗಸ್ಟಸ್, ಕೋರ್ಟಿಗೆ ಬಂದ ಕುಡುಕನೊಬ್ಬನಿಗೆ ಜಾಮೀನು ನಿಂತರು. ಮೂರು ವಾರದ ಮೇಲೆ ಅವನನ್ನು ಅಮಲಿಲ್ಲದೆ ತಂದು ನಿಲ್ಲಿಸಿದರು. ಜೈಲಿನ ಬದಲು ಜಡ್ಜ್ ನಾಮಮಾತ್ರದ ದಂಡ ಹಾಕಿದರು. ಫೆಡರಲ್ ಸರ್ಕಾರ ಕಾನೂನು ಮಾಡಿದ್ದು 1925ರಲ್ಲಿ.

ನನ್ನ ತಕರಾರು ಇರುವುದು ಷರತ್ತುಗಳ ಉದ್ದದ ಬಗ್ಗೆ. ಎಲ್ಲರಿಗೂ ಅನ್ವಯಿಸುವ ಷರತ್ತುಗಳ ಮೇಲೆ ಜಡ್ಜ್ ವಿಶೇಷ ಷರತ್ತು ಸೇರಿಸುತ್ತಾರೆ. ಅದಕ್ಕೂ ಆಧಾರ ನಮ್ಮ ವರದಿಯೇ. ಎಂದೂ ಕುಡಿಯದವನಿಗೆ ಮದ್ಯಪಾನ ನಿಷೇಧ, ಸಾಲವೇ ಇಲ್ಲದವನಿಗೆ ‘ಹೊಸ ಸಾಲ ಮಾಡಬಾರದು’. ಹಳೇ ವರದಿಯಿಂದ ಎತ್ತಿ ಅಂಟಿಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಷರತ್ತು ಹೆಚ್ಚಿದಷ್ಟೂ ಮುರಿಯುವ ದಾರಿ ಹೆಚ್ಚು. ಮುರಿದರೆ ಮತ್ತೆ ಒಳಗೆ. ನಾನು ವರದಿ ಬರೆಯುವಾಗ ಪ್ರತಿ ವಿಶೇಷ ಷರತ್ತಿನ ಮುಂದೆ ‘ಯಾಕೆ’ ಅನ್ನೋದಕ್ಕೆ ವರದಿಯದೇ ಒಂದು ಪ್ಯಾರಾದ ಸಂಖ್ಯೆ ಹಾಕುತ್ತಿದ್ದೆ. ಸಂಖ್ಯೆ ಸಿಗದಿದ್ದರೆ ಷರತ್ತು ಬೇಡ. ಈಗ ಮೇಲ್ವಿಚಾರಣೆ ಮಾಡುವಾಗ, ಹೊರಬಂದು ಒಂದು ವರ್ಷ ತಂಟೆಯಿಲ್ಲದೆ ಕಳೆದವನಿಗೆ ಅವಧಿಗೆ ಮುಂಚೆಯೇ ಮುಗಿಸಲು ಅರ್ಜಿ ಹಾಕುವ ಹಕ್ಕಿದೆ ಅಂತ ನಾನೇ ಹೇಳುತ್ತೇನೆ. ಸರ್ಕಾರಿ ವಕೀಲರು ಬಹಳ ಸಲ ಬೇಡ ಅನ್ನುತ್ತಾರೆ. ಜಡ್ಜ್ ನನ್ನ ಅಭಿಪ್ರಾಯ ಕೇಳಿದಾಗ, ಕೆಲಸಕ್ಕೆ ಹೋಗುತ್ತಿದ್ದಾನೆ, ಪರೀಕ್ಷೆಗಳು ಸರಿಯಿವೆ, ಕಂತು ಕಟ್ಟಿದ್ದಾನೆ ಅನ್ನುವ ಹಾಗಿದ್ದರೆ ಮುಗಿಸಬಹುದು ಅಂತಲೇ ಬರೆಯುತ್ತೇನೆ. ಆ ಸಮಯವನ್ನು ಮೊನ್ನೆ ಬಿಡುಗಡೆಯಾಗಿ ಬಂದು ಮಲಗೋಕೆ ಜಾಗವಿಲ್ಲದವನಿಗೆ ಕೊಡಬಹುದು.